ಗುಡೌರಿಯಲ್ಲಿ ಮೊದಲ ಸ್ಕೀ: ಕಡಿಮೆ ಖರ್ಚಿನ ಒಂದು ವಾರ, ಹಂತ ಹಂತವಾಗಿ

ಮುಳ್ಳಯ್ಯನಗಿರಿಯ ತುದಿ 1930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಜಾರ್ಜಿಯಾ ದೇಶದ ಗುಡೌರಿಯಲ್ಲಿ ಜನರನ್ನು ಬೆಟ್ಟ ಹತ್ತಿಸುವ ಸ್ಕೀ ಲಿಫ್ಟು ಶುರುವಾಗುವುದೇ ಸುಮಾರು 1990 ಮೀಟರಿನಲ್ಲಿ. ಮುಗಿಯುವುದು 3276ರಲ್ಲಿ. ಸ್ವಿಟ್ಜರ್ಲೆಂಡಿನ ಹೆಸರಾಂತ ಜಾಗದಲ್ಲಿ ಒಂದು ದಿನದ ಲಿಫ್ಟ್ ಪಾಸಿಗೆ ಕೊಡುವ ದುಡ್ಡಿಗೆ ಇಲ್ಲಿ ಎರಡು ಮೂರು ದಿನ ಸ್ಕೀ ಮಾಡಬಹುದು. ಕೊಲ್ಲಿ ದೇಶಗಳಲ್ಲಿರುವ ನಮ್ಮವರಿಗೆ ಈ ಊರು ಈಗೀಗ ಗೊತ್ತಾಗಿದೆ. ಬೆಂಗಳೂರಿನಲ್ಲಿ ಹೇಳಿದರೆ ಇನ್ನೂ "ಅಮೆರಿಕದ ಜಾರ್ಜಿಯಾನಾ?" ಎಂದೇ ಕೇಳುತ್ತಾರೆ.

ನಾನೂ ನನ್ನ ಹೆಂಡತಿಯೂ ಹೋಗುವಾಗ ಇಬ್ಬರೂ ಹಿಮ ಮುಟ್ಟಿದ್ದು ಒಂದೇ ಸಲ, ಮನಾಲಿ ಹತ್ತಿರ. ಬಾಡಿಗೆಗೆ ಸ್ಕೀ ಕಟ್ಟಿಸಿಕೊಂಡು, ಹಿಂದಿನಿಂದ ಒಬ್ಬ ಹಿಡಿದುಕೊಂಡು, ಇಪ್ಪತ್ತು ಅಡಿ ಜಾರಿ, ಫೋಟೋ ತೆಗೆಸಿಕೊಂಡಿದ್ದೆವು. ಅದು ಸ್ಕೀ ಅಲ್ಲ, ಸುಮ್ನೆ ವೇಷ. ನಿಜವಾಗಿ ಕಲಿಯಲು ಕನಿಷ್ಠ ನಾಲ್ಕು ದಿನ ಬೇಕು. ನಾಲ್ಕು ದಿನ ಅಂದ ಕೂಡಲೇ ಖರ್ಚಿನ ಮಾತು ಬರುತ್ತದೆ. ಅಲ್ಲಿ ನಾನು ಕಲಿತದ್ದು ಇಷ್ಟು: ವಿಮಾನ, ರೂಮು, ಊಟ ಎಲ್ಲದರಲ್ಲೂ ಉಳಿಸಿ. ಗುರುವಿನ ಫೀಸಿನಲ್ಲಿ, ಬೂಟಿನಲ್ಲಿ, ವಿಮೆಯಲ್ಲಿ ಮಾತ್ರ ಉಳಿಸಬೇಡಿ.

ಉತ್ತರಾಖಂಡದ ಔಲಿ ಯಾಕೆ ಬೇಡ?

ಬೇಡ ಎಂದಿಲ್ಲ. ಎರಡು ವಾರ ರಜೆ ಸಿಗುವುದಾದರೆ ಭಾರತದಲ್ಲೇ ಕಲಿಯುವುದು ಇನ್ನೂ ಅಗ್ಗ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗಿನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಔಲಿಯಲ್ಲಿ ಗಢ್ವಾಲ್ ಮಂಡಲ ವಿಕಾಸ ನಿಗಮ, ಇವೆಲ್ಲ ಸರ್ಕಾರಿ ದರದಲ್ಲಿ ಕೋರ್ಸು ನಡೆಸುತ್ತವೆ. ಕೊಡಗಿನ ಹುಡುಗಿ ಭವಾನಿ ತೆಕ್ಕಡ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಸ್ಕೀಯಲ್ಲಿ ಚಿನ್ನ ಗೆದ್ದಿದ್ದೂ ಗುಲ್ಮಾರ್ಗಿನ ಹಿಮದಲ್ಲೇ. ಆದರೆ ಔಲಿಯಲ್ಲಿ ಹಿಮ ಈಚೆಗೆ ಕೈಕೊಡುವುದು ಜಾಸ್ತಿ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ಕೂಡ ನಿಂತಿತು. ಒಂದೇ ವಾರ ಇಟ್ಟುಕೊಂಡು ಹೋಗುವವರಿಗೆ ಹಿಮ ಇದ್ದೇ ಇರಬೇಕು, ಲಿಫ್ಟು ಓಡುತ್ತಿರಬೇಕು. ಗುಡೌರಿ ಗೆಲ್ಲುವುದು ಇಲ್ಲೇ.

ಜಾರ್ಜಿಯಾದಲ್ಲಿ ಬಕುರಿಯಾನಿ ಅಂತ ಇನ್ನೊಂದು ಜಾಗ ಇದೆ. 2023ರಲ್ಲಿ ಫ್ರೀಸ್ಟೈಲ್ ಸ್ಕೀ ಮತ್ತು ಸ್ನೋಬೋರ್ಡ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲೇ. ಊರು 1700 ಮೀಟರಿನಲ್ಲಿದೆ, ಸುತ್ತ ದೇವದಾರು ಜಾತಿಯ ಕಾಡು. ಚಿಕ್ಕ ಮಕ್ಕಳಿದ್ದರೆ ಅಲ್ಲಿಗೆ ಹೋಗಿ. ಇಳಿಜಾರು ಮೆಲ್ಲಗಿದೆ, ಜಾರುಬಂಡಿ, ಕುದುರೆ ಗಾಡಿ ಎಲ್ಲ ಸಿಗುತ್ತವೆ. ಮಂಜು ಮುಸುಕಿದ ದಿನ ಕಾಡಿರುವ ಜಾಗವೇ ವಾಸಿ, ಮರ ನೋಡಿಕೊಂಡು ಇಳಿಯಬಹುದು. ಗುಡೌರಿಯಲ್ಲಿ ಒಂದು ಮರವೂ ಇಲ್ಲ. ಮೋಡ ಇಳಿದರೆ ನೆಲ ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ. ಬಿಸಿಲಿನ ದಿನ ಮಾತ್ರ ಆ ಬೋಳು ಬೆಟ್ಟದ ಮುಂದೆ ಬೇರೇನೂ ಬೇಡ ಅನ್ನಿಸುತ್ತದೆ.

ಯಾವಾಗ ಹೋಗಬೇಕು

ಸೀಸನ್ನು ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವ ಯೋಚನೆ ಎಲ್ಲರಿಗೂ ಬರುತ್ತದೆ. ಅದೇ ಅತಿ ದುಬಾರಿ ಹೊತ್ತು. ಹಿಮವೂ ಇನ್ನೂ ಸರಿಯಾಗಿ ಕೂತಿರುವುದಿಲ್ಲ. ಅಲ್ಲಿನ ಆರ್ಥೊಡಾಕ್ಸ್ ಚರ್ಚಿಗೆ ಕ್ರಿಸ್‌ಮಸ್ ಜನವರಿ 7ಕ್ಕೆ, ಹಳೇ ಪಂಚಾಂಗದ ಹೊಸ ವರ್ಷ 14ಕ್ಕೆ. ನಮ್ಮ ಸಂಕ್ರಾಂತಿಯ ಹೊತ್ತಿಗೆ ಅವರ ಹಬ್ಬದ ಸಾಲು ಮುಗಿಯುತ್ತಾ ಬರುತ್ತದೆ. ಎಳ್ಳುಬೆಲ್ಲ ಹಂಚಿ ಹೊರಟರೆ ರೂಮಿನ ದರ ಇಳಿದಿರುತ್ತದೆ, ಹಿಮ ಒಣಗಿ ಹಿಟ್ಟಿನಂತೆ ಇರುತ್ತದೆ. ಚಳಿ ಮಾತ್ರ ಗಟ್ಟಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮಾರ್ಚಿನ ಮೊದಲ ಮೂರು ವಾರ. ಹಗಲು ಉದ್ದ, ಹಿಮ ದಪ್ಪ, ಬೆರಳು ಮರಗಟ್ಟುವ ಚಳಿ ಇಲ್ಲ. ಒಂದೇ ತೊಂದರೆ, ಗುಡೌರಿಯ ಇಳಿಜಾರುಗಳು ಹೆಚ್ಚಾಗಿ ದಕ್ಷಿಣಕ್ಕೆ ಮುಖ ಮಾಡಿವೆ. ಮಾರ್ಚಿನ ಬಿಸಿಲಿಗೆ ಮಧ್ಯಾಹ್ನ ಹಿಮ ಕರಗಿ ಕೆಸರಾಗುತ್ತದೆ, ರಾತ್ರಿ ಮತ್ತೆ ಗಡ್ಡೆ ಕಟ್ಟುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತರಿಂದ ಒಂದೂವರೆಯ ತನಕ ಕಲಿಯಿರಿ, ಆಮೇಲೆ ಊಟ ಮಾಡಿ ಕಾಲು ಚಾಚಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಪರೀಕ್ಷೆ ಮಾರ್ಚಿನಲ್ಲೇ ಬಂದು ಕೂರುತ್ತದೆ. ಅಂಥವರಿಗೆ ಗಣರಾಜ್ಯೋತ್ಸವದ ರಜೆಯ ಹಿಂದೆ ಮುಂದೆ ನಾಲ್ಕು ದಿನ ಸೇರಿಸಿಕೊಳ್ಳುವುದೇ ದಾರಿ.

ವೀಸಾ, ವಿಮಾನ, ವಿಮೆ

ಮೊದಲು ವೀಸಾ, ಆಮೇಲೆ ಟಿಕೆಟ್. ಈ ಕ್ರಮ ತಪ್ಪಿಸಬೇಡಿ. ಭಾರತೀಯ ಪಾಸ್‌ಪೋರ್ಟಿಗೆ ಇ-ವೀಸಾ ಇದೆ, ಆದರೆ ಅರ್ಜಿ ತಿರಸ್ಕಾರವಾಗುವುದು ಅಪರೂಪವಲ್ಲ. ಅಮೆರಿಕ, ಬ್ರಿಟನ್, ಯುರೋಪಿನ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇರುವವರಿಗೆ, ದುಬೈ, ದೋಹಾ ಮುಂತಾದ ಕಡೆ ರೆಸಿಡೆನ್ಸ್ ಪರ್ಮಿಟ್ ಇರುವವರಿಗೆ ಬೇರೆ ವೀಸಾ ಇಲ್ಲದೆ ಹೋಗುವ ಅವಕಾಶ ಕೊಟ್ಟಿದ್ದಾರೆ. ಇದರ ಷರತ್ತುಗಳು ಬದಲಾಗುತ್ತಿರುತ್ತವೆ. ಹೊರಡುವ ತಿಂಗಳಿನಲ್ಲಿ ಜಾರ್ಜಿಯಾ ವಿದೇಶಾಂಗ ಇಲಾಖೆಯ ಜಾಲತಾಣದಲ್ಲೇ ಓದಿ, ಏಜೆಂಟ್ ಮಾತಿನ ಮೇಲೆ ಹೋಗಬೇಡಿ.

ರಾಜಧಾನಿ ಟ್ಬಿಲಿಸಿಯ ವಿಮಾನ ನಿಲ್ದಾಣದಲ್ಲಿ ನಮ್ಮವರನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಮಾಮೂಲು. ಕೆಲವರನ್ನು ವಾಪಸ್ ಕಳಿಸಿದ್ದೂ ಉಂಟು. ರೂಮು ಬುಕ್ ಮಾಡಿದ ಕಾಗದ, ವಾಪಸ್ ಟಿಕೆಟ್, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ ಇವನ್ನೆಲ್ಲ ಮುದ್ರಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿ ತೋರಿಸುತ್ತೇನೆ ಎಂದರೆ ಆ ಕ್ಷಣಕ್ಕೇ ವೈಫೈ ಸತ್ತಿರುತ್ತದೆ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದೆಹಲಿಯಿಂದ ಇಂಡಿಗೋ ನೇರ ಹಾರಾಟ ಶುರು ಮಾಡಿದ್ದು 2023ರಲ್ಲಿ. ಶಾರ್ಜಾ, ದುಬೈ ಮೂಲಕವೂ ಅಗ್ಗದ ವಿಮಾನಗಳಿವೆ. ಸ್ಕೀ ಸಾಮಾನು ನಿಮ್ಮದಿಲ್ಲ, ಎಲ್ಲ ಬಾಡಿಗೆ. ಹಾಗಾಗಿ ದೊಡ್ಡ ಲಗೇಜಿನ ಟಿಕೆಟ್ ಬೇಡ.

2026ರ ಜನವರಿಯಿಂದ ಜಾರ್ಜಿಯಾಕ್ಕೆ ಬರುವ ಪ್ರವಾಸಿಗರಿಗೆ ಆರೋಗ್ಯ ಮತ್ತು ಅಪಘಾತ ವಿಮೆ ಕಡ್ಡಾಯ. ಆದರೆ ಅದೊಂದೇ ಸಾಲದು. ಮಾಮೂಲಿ ಪ್ರವಾಸ ವಿಮೆಯ ಸಣ್ಣ ಅಕ್ಷರಗಳಲ್ಲಿ "ಸಾಹಸ ಕ್ರೀಡೆ ಹೊರತುಪಡಿಸಿ" ಎಂಬ ಸಾಲು ಇರುತ್ತದೆ. ಸ್ಕೀ ಅದರಲ್ಲೇ ಬರುತ್ತದೆ. ಚಳಿಗಾಲದ ಕ್ರೀಡೆ ಸೇರಿದ ಪಾಲಿಸಿಯನ್ನೇ ಕೇಳಿ ತೆಗೆದುಕೊಳ್ಳಿ. ಬೆಟ್ಟದಿಂದ ಇಳಿಸುವ ಖರ್ಚು ಸೇರಿದೆಯಾ ಎಂದೂ ಕೇಳಿ. ಮಂಡಿ ತಿರುಚಿಕೊಂಡರೆ ಲಿಗಮೆಂಟ್ ಆಪರೇಷನ್ನಿನ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರುತ್ತದೆ.

ಆರು ವಾರ ಮೊದಲೇ ಬಸ್ಕಿ

ಇದನ್ನು ಯಾರೂ ಮಾಡುವುದಿಲ್ಲ, ಎರಡನೇ ದಿನ ಎಲ್ಲರೂ ಅಳುತ್ತಾರೆ. ಸ್ಕೀ ಮಾಡುವುದು ಅಂದರೆ ಅರ್ಧ ಬಸ್ಕಿಯಲ್ಲಿ ನಿಂತು ಬೆಟ್ಟ ಇಳಿಯುವುದು. ದಿನಕ್ಕೆ 20 ಬಸ್ಕಿಯಿಂದ ಶುರು ಮಾಡಿ 60ಕ್ಕೆ ಏರಿಸಿ. ಶಾಲೆಯಲ್ಲಿ ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರಿಸುತ್ತಿದ್ದರಲ್ಲ, ಆ ಶಿಕ್ಷೆಯನ್ನು ಈಗ ನೀವೇ ಕೊಟ್ಟುಕೊಳ್ಳಿ. ಒಂದು ನಿಮಿಷ, ಮೂರು ಸಲ. ಆಫೀಸಿನಲ್ಲಿ ಲಿಫ್ಟ್ ಬಿಡಿ, ಮೆಟ್ಟಿಲು ಹತ್ತಿ. ಇಳಿಯುವಾಗಲೂ ಮೆಟ್ಟಿಲೇ ಬಳಸಿ, ತೊಡೆಗೆ ನಿಜವಾದ ಕೆಲಸ ಇಳಿಯುವಾಗಲೇ ಬೀಳುತ್ತದೆ.

ಬಟ್ಟೆ

ಹತ್ತಿ ಬಟ್ಟೆ ಬೇಡ. ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಲಿಫ್ಟಿನಲ್ಲಿ ಕೂತ ಹತ್ತು ನಿಮಿಷದಲ್ಲಿ ನಡುಕ ಶುರು. ಒಳಗೆ ಥರ್ಮಲ್, ಮೇಲೆ ಫ್ಲೀಸ್, ಹೊರಗೆ ನೀರು ಒಳಗೆ ಬಿಡದ ಜಾಕೆಟ್ಟು ಮತ್ತು ಪ್ಯಾಂಟು. ಮೊದಲೆರಡನ್ನು ಬೆಂಗಳೂರಿನ ಡೆಕ್ಯಾಥ್ಲಾನಿನಲ್ಲಿ ಕೊಂಡುಕೊಳ್ಳಿ. ಹೊರಗಿನದನ್ನು ಗುಡೌರಿಯಲ್ಲೇ ಬಾಡಿಗೆಗೆ ತೆಗೆದುಕೊಳ್ಳಬಹುದು, ವರ್ಷಕ್ಕೊಮ್ಮೆ ಹಾಕುವ ಪ್ಯಾಂಟಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಕೈಗವಸು ನಿಮ್ಮದೇ ಇರಲಿ, ಬಾಡಿಗೆಯದ್ದು ಇನ್ನೊಬ್ಬರ ಬೆವರಿನಲ್ಲಿ ನೆನೆದಿರುತ್ತದೆ. ಮಂಕಿ ಕ್ಯಾಪ್ ಹೆಲ್ಮೆಟ್ಟಿನೊಳಗೆ ಕೂರುವುದಿಲ್ಲ, ಅದನ್ನು ಊಟಿಗೆ ಇಟ್ಟುಕೊಳ್ಳಿ. ಕತ್ತಿಗೆ ತೆಳ್ಳನೆಯ ಬಟ್ಟೆಯ ಕೊಳವೆ ಸಿಗುತ್ತದೆ, ಅದು ಸಾಕು.

ಸನ್‌ಸ್ಕ್ರೀನ್ ಮರೆಯಬೇಡಿ. ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇ. 10 ಜಾಸ್ತಿಯಾಗುತ್ತದೆ. ಹೊಸ ಹಿಮ ಅದರಲ್ಲಿ ಶೇ. 80ರಷ್ಟನ್ನು ಕೆಳಗಿನಿಂದ ಮುಖಕ್ಕೆ ಎರಚುತ್ತದೆ. ನಮ್ಮದು ಕಪ್ಪು ಚರ್ಮ, ಸುಡಲ್ಲ ಎಂದುಕೊಂಡಿದ್ದೆ. ಮೂಗಿನ ಹೊಳ್ಳೆಯ ಒಳಗೂ ಸುಟ್ಟಿತು.

ಟ್ಬಿಲಿಸಿಯಿಂದ ಗುಡೌರಿಗೆ

ದೂರ ಸುಮಾರು 120 ಕಿ.ಮೀ., ಎರಡರಿಂದ ಎರಡೂವರೆ ಗಂಟೆ. ಡಿಡುಬೆ ಬಸ್ ನಿಲ್ದಾಣದಿಂದ, ಗುಡೌರಿ ದಾಟಿ ಮುಂದಿರುವ ಕಜ್ಬೆಗಿ ಊರಿನ ಕಡೆ ಹೋಗುವ ಮಿನಿ ಬಸ್ಸು ಹತ್ತಿ. ಅದಕ್ಕೆ ಅಲ್ಲಿ ಮಾರ್ಶ್ರುಟ್ಕಾ ಎನ್ನುತ್ತಾರೆ. ನಮ್ಮ ಮ್ಯಾಕ್ಸಿಕ್ಯಾಬ್ ಹಾಗೇ, ಸೀಟು ತುಂಬಿದ ಮೇಲೆ ಹೊರಡುವುದು. ನಿಲ್ದಾಣದಲ್ಲೇ ನಾಲ್ಕು ಜನ ಸೇರಿ ಹೋಗುವ ಟ್ಯಾಕ್ಸಿಯೂ ಸಿಗುತ್ತದೆ. ಕಾರು ಬಾಡಿಗೆಗೆ ತೆಗೆದುಕೊಂಡು ನೀವೇ ಓಡಿಸಬೇಡಿ. ಹಿಮದ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಏನಾಗುತ್ತದೆ ಎಂಬುದು ಚಾರ್ಮಾಡಿ ಘಾಟಿ ಓಡಿಸಿದವರಿಗೂ ಗೊತ್ತಿರುವುದಿಲ್ಲ. ಇದು ರಷ್ಯಾ ಗಡಿಗೆ ಹೋಗುವ ರಸ್ತೆ, ಲಾರಿಗಳ ಸಾಲು ಬೇರೆ.

ಟ್ಬಿಲಿಸಿಯಲ್ಲೇ ಅಂಗಡಿ ಮುಗಿಸಿ. ಅಕ್ಕಿ, ಮೊಸರು, ತರಕಾರಿ, ಹಣ್ಣು ಬೆಟ್ಟದ ಮೇಲೆ ದುಬಾರಿ. ಒಂದು ಲಾರಿ, ಅಂದರೆ ಅಲ್ಲಿನ ರೊಕ್ಕ, 30 ರೂಪಾಯಿಯ ಆಸುಪಾಸು. ವಿಮಾನ ನಿಲ್ದಾಣದಲ್ಲಿ ಬದಲಿಸದೆ ಊರೊಳಗೆ ಬದಲಿಸಿ.

ರೂಮು

ಮುಚ್ಚಿದ ಡಬ್ಬಿಯಲ್ಲಿ ಕೂರಿಸಿ ಮೇಲೊಯ್ಯುವ ಗೊಂಡೊಲಾ ಲಿಫ್ಟಿನ ಬುಡದಲ್ಲಿ ನ್ಯೂ ಗುಡೌರಿ ಎಂಬ ಹೊಸ ಬಡಾವಣೆ ಇದೆ. ಒಲೆ, ಪಾತ್ರೆ ಇರುವ ಒಂದೇ ಕೋಣೆಯ ಮನೆಗಳು ಅಲ್ಲಿ ಬಾಡಿಗೆಗೆ ಸಿಗುತ್ತವೆ. ಹಳೇ ಗುಡೌರಿಯ ಮನೆಗಳು ಇನ್ನೂ ಅಗ್ಗ, ಆದರೆ ಲಿಫ್ಟಿಗೆ ದಿನಾ ಟ್ಯಾಕ್ಸಿ ಹಿಡಿದರೆ ಉಳಿಸಿದ್ದು ಅಲ್ಲಿಗೇ ಹೋಯಿತು. ಸ್ಕೀ ಬೂಟು ಹಾಕಿಕೊಂಡು ಅರ್ಧ ಕಿಲೋಮೀಟರ್ ನಡೆಯುವುದು ಅಂದರೆ ಎರಡೂ ಕಾಲಿಗೆ ಸಿಮೆಂಟು ಕಟ್ಟಿಕೊಂಡಂತೆ. ಲಿಫ್ಟಿಗೆ ನಡೆದು ಐದು ನಿಮಿಷ, ಇದೊಂದನ್ನು ನೋಡಿ ರೂಮು ಹಿಡಿಯಿರಿ. ಬಾಲ್ಕನಿ, ಬೆಟ್ಟ ಕಾಣುವ ಕಿಟಕಿ ಯಾವುದೂ ಬೇಡ, ಸಂಜೆ ಆರಕ್ಕೇ ನಿದ್ದೆ ಬಂದಿರುತ್ತದೆ.

ಒಂದು ಮಾತು ಗಂಭೀರವಾಗಿ ಹೇಳಬೇಕು. 2024ರ ಡಿಸೆಂಬರಿನಲ್ಲಿ ಗುಡೌರಿಯ ಒಂದು ಕಟ್ಟಡದಲ್ಲಿ 12 ಜನ ನಿದ್ದೆಯಲ್ಲೇ ತೀರಿಕೊಂಡರು. ಹೆಚ್ಚಿನವರು ಭಾರತೀಯರು, ಕೆಳಗಿನ ಹೋಟೆಲಿನಲ್ಲಿ ಕೆಲಸಕ್ಕಿದ್ದವರು. ಕರೆಂಟ್ ಹೋದಾಗ ಮಲಗುವ ಕೋಣೆಗಳ ಹತ್ತಿರ, ಮುಚ್ಚಿದ ಜಾಗದಲ್ಲಿ ಜನರೇಟರ್ ಓಡಿಸಿದ್ದರು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಅಲಾರಾಂ ಆನ್‌ಲೈನಿನಲ್ಲಿ ಸಿಗುತ್ತದೆ, ಅಂಗೈಯಷ್ಟಿರುತ್ತದೆ. ಕೊಂಡು ಬ್ಯಾಗಿನಲ್ಲಿ ಹಾಕಿ. ಚಳಿ ಎಂದು ಗಾಳಿಕಿಂಡಿಗೆ ಬಟ್ಟೆ ತುರುಕಬೇಡಿ.

ಬೂಟು: ಇಲ್ಲಿ ಅರ್ಧ ಗಂಟೆ ಕಳೆಯಿರಿ

ತಲುಪಿದ ದಿನ ಸಂಜೆಯೇ ಬಾಡಿಗೆ ಅಂಗಡಿಗೆ ಹೋಗಿ. ಬೆಳಿಗ್ಗೆ ಹೋದರೆ ಸಾಲು, ಅವಸರ. ನನಗೆ ಹಾಗೇ ಆಯಿತು. ಅಂಗಡಿಯವನು ಒಂದು ಸೈಜು ದೊಡ್ಡ ಬೂಟು ಕೊಟ್ಟ. ಸಡಿಲ ಇದ್ದರೆ ಆರಾಮ ಎಂದುಕೊಂಡು ನಾನೂ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿದೆ. ಎರಡು ದಿನ ಬೂಟು ಒಂದು ಕಡೆ, ಕಾಲು ಇನ್ನೊಂದು ಕಡೆ. ಹೆಬ್ಬೆರಳ ಉಗುರು ಕಪ್ಪಾಗಿ ಉದುರಲು ಎರಡು ತಿಂಗಳು ಹಿಡಿಯಿತು.

ಸರಿಯಾದ ಬೂಟು ಹೀಗಿರುತ್ತದೆ. ನೆಟ್ಟಗೆ ನಿಂತಾಗ ಬೆರಳು ಮುಂದೆ ಲಘುವಾಗಿ ತಾಗಬೇಕು. ಮಂಡಿ ಮಡಚಿ ಮುಂದೆ ಬಾಗಿದಾಗ ಬೆರಳು ಹಿಂದೆ ಸರಿಯಬೇಕು. ಹಿಮ್ಮಡಿ ಮಾತ್ರ ಮೇಲೆ ಏಳಕೂಡದು. ಕಾಲುಚೀಲ ಒಂದೇ, ತೆಳ್ಳಗಿನದು, ಮಂಡಿಯವರೆಗೆ ಬರುವಂಥದ್ದು. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತೂರಿಸಬೇಡಿ, ಆ ಮಡಿಕೆಯೇ ಮೊಳಕಾಲಿನ ಕೆಳಗೆ ಗಾಯ ಮಾಡುತ್ತದೆ.

ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಕ್ಲಿಪ್ಪಿಗೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಅದು ತಾನೇ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಮಂಡಿ ತಿರುಚುತ್ತದೆ. ಎಷ್ಟು ಒತ್ತಡಕ್ಕೆ ಬಿಡಬೇಕು ಎಂಬುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಕೇಳಿ ಹೊಂದಿಸುತ್ತಾರೆ. ತೂಕ ಕೇಳಿದಾಗ ನಿಜ ಹೇಳಿ. ಹೆಂಡತಿ ಪಕ್ಕದಲ್ಲಿದ್ದಾಳೆ ಎಂದು ಹತ್ತು ಕಿಲೋ ಕಡಿಮೆ ಹೇಳಬೇಡಿ. ಕೇಳದೇ ಸ್ಕೀ ಕೊಟ್ಟರೆ ಆ ಅಂಗಡಿ ಬಿಟ್ಟು ಬೇರೆಡೆ ಹೋಗಿ. ಸ್ಕೀಯ ಉದ್ದ ಗದ್ದದವರೆಗೆ ಬಂದರೆ ಹೊಸಬರಿಗೆ ಸಾಕು. ಹೆಲ್ಮೆಟ್ ಇಲ್ಲದೆ ಹೊರಡುವ ಮಾತೇ ಇಲ್ಲ. ನಾಲ್ಕೈದು ದಿನಕ್ಕೆ ಒಟ್ಟಿಗೆ ಬಾಡಿಗೆ ಹಿಡಿದರೆ ದರ ಇಳಿಸುತ್ತಾರೆ. ಚೌಕಾಸಿ ಅಲ್ಲಿ ತಪ್ಪಲ್ಲ.

ಮೊದಲೆರಡು ದಿನ

ಮೊದಲ ದಿನ ಪೂರ್ತಿ ಲಿಫ್ಟ್ ಪಾಸು ಕೊಳ್ಳಬೇಡಿ. ನೀವು ಇಡೀ ದಿನ ಕಳೆಯುವುದು ಬುಡದಲ್ಲೇ, ಹಿಮದ ಮೇಲೆ ಹರಿಯುವ ರಬ್ಬರ್ ಪಟ್ಟಿಯ ಹತ್ತಿರ. ಅದಕ್ಕೆ ಮ್ಯಾಜಿಕ್ ಕಾರ್ಪೆಟ್ ಅನ್ನುತ್ತಾರೆ. ದುಡ್ಡನ್ನು ಗುರುವಿಗೆ ಇಡಿ. ಬೆಳಿಗ್ಗೆ ಎರಡು ಗಂಟೆ ಪಾಠ, ಮಧ್ಯಾಹ್ನ ಒಂದು ಗಂಟೆ ನಿಮ್ಮದೇ ಅಭ್ಯಾಸ. ಇಬ್ಬರು ಮೂವರು ಸೇರಿ ಒಬ್ಬ ಗುರುವನ್ನು ಹಿಡಿದರೆ ಖರ್ಚು ಹಂಚಿಹೋಗುತ್ತದೆ. ಗಂಡ ಹೆಂಡತಿಗೆ ಕಲಿಸುವುದು, ಅಣ್ಣ ತಮ್ಮನಿಗೆ ಕಲಿಸುವುದು ಇವೆಲ್ಲ ಬೇಡ. ಕಾರು ಕಲಿಸಿದಾಗ ಏನಾಯಿತು ನೆನಪಿದೆ ಅಲ್ವಾ? ಇಂಗ್ಲಿಷ್ ಬರುವ ಗುರುವನ್ನೇ ಕೇಳಿ. ರಷ್ಯನ್ ಮಾತ್ರ ಬರುವವರೂ ಇದ್ದಾರೆ.

ಮೊದಲ ಪಾಠ ನಿಲ್ಲುವುದು. ಎರಡೂ ಸ್ಕೀಗಳ ಮೂತಿ ಹತ್ತಿರ, ಬಾಲ ದೂರ, ನೇಗಿಲಿನಂತೆ. ಗುರುಗಳು ಇದಕ್ಕೆ ಪಿಜ್ಜಾ ಎನ್ನುತ್ತಾರೆ. ಬಾಲ ಅಗಲಿಸಿದಷ್ಟೂ ವೇಗ ಕಡಿಮೆ. ಆಮೇಲೆ ತಿರುಗುವುದು: ಎಡಗಾಲಿಗೆ ಭಾರ ಹಾಕಿದರೆ ಬಲಕ್ಕೆ ಹೋಗುತ್ತೀರಿ. ಇದು ತಲೆಗೆ ಹೋಗುತ್ತದೆ, ಕಾಲಿಗೆ ಹೋಗಲು ಒಂದು ದಿನ ಬೇಕು. ಭಯವಾದಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಹಿಂದಕ್ಕೆ ವಾಲಿದರೆ ಸ್ಕೀ ಇನ್ನೂ ಜೋರಾಗಿ ಓಡುತ್ತದೆ. ಮಂಡಿಯ ಕೆಳಗಿನ ಕಾಲಿನ ಮುಂಭಾಗ ಬೂಟಿನ ನಾಲಿಗೆಯನ್ನು ಸದಾ ಒತ್ತುತ್ತಿರಬೇಕು. ನಾನು ಮೊದಲ ದಿನ ಮೂವತ್ತು ಸಲವಾದರೂ ಬಿದ್ದಿರಬೇಕು. ನನ್ನ ಹೆಂಡತಿ ನಾಲ್ಕೇ ಸಲ. ಅವಳು ಗುರು ಹೇಳಿದ್ದನ್ನು ಮಾಡಿದಳು, ನಾನು ಯೂಟ್ಯೂಬಿನಲ್ಲಿ ನೋಡಿದ್ದನ್ನು ಮಾಡಿದೆ.

ಬೀಳುವುದಾದರೆ ಪಕ್ಕಕ್ಕೆ, ಕುಂಡೆಯ ಮೇಲೆ. ಅಂಗೈ ಊರಬೇಡಿ, ಕೋಲು ಹಿಡಿದ ಕೈ ಊರಿದರೆ ಹೆಬ್ಬೆರಳು ಉಳುಕುತ್ತದೆ. ಏಳುವಾಗ ಮೊದಲು ಎರಡೂ ಸ್ಕೀಯನ್ನು ನಿಮ್ಮ ಕೆಳಗಿನ ಬದಿಗೆ ತಂದು ಇಳಿಜಾರಿಗೆ ಅಡ್ಡ ಇಡಿ. ಆಮೇಲೆ ಏಳಿ. ಇಲ್ಲದಿದ್ದರೆ ಅರ್ಧ ಎದ್ದಾಗಲೇ ಸ್ಕೀ ಹೊರಟುಬಿಡುತ್ತದೆ.

ಎರಡನೇ ದಿನವೂ ಪಾಠ ತೆಗೆದುಕೊಳ್ಳಿ. ಹೆಚ್ಚಿನವರು ಒಂದು ದಿನಕ್ಕೇ ಬಿಟ್ಟು "ಬಂತು" ಎಂದು ಮೇಲೆ ಹೋಗುತ್ತಾರೆ. ನಿಲ್ಲಿಸಲು ಬರುವುದಕ್ಕೂ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಲು ಬರುವುದಕ್ಕೂ ಬಹಳ ವ್ಯತ್ಯಾಸ ಇದೆ. ಗುರು ಹೂಂ ಎಂದ ಮೇಲೆ ಪಿರ್ವೆಲಿ ಎಂಬ ಕುರ್ಚಿ ಲಿಫ್ಟು ಹತ್ತಿ. ಜಾರ್ಜಿಯನ್ ಭಾಷೆಯಲ್ಲಿ ಪಿರ್ವೆಲಿ ಅಂದರೆ ಮೊದಲನೆಯದು ಎಂದೇ ಅರ್ಥ. ಕುರ್ಚಿ ಬರುವಾಗ ಕೋಲೆರಡನ್ನೂ ಒಂದೇ ಕೈಯಲ್ಲಿ ಹಿಡಿದು, ಹಿಂದೆ ತಿರುಗಿ ನೋಡುತ್ತಾ ಕೂರಿ. ಸರಳು ಇಳಿಸಿ. ಇಳಿಯುವಾಗ ಸ್ಕೀಯ ಮೂತಿ ಮೇಲೆತ್ತಿ, ನೇರ ಮುಂದೆ ಜಾರಿ, ಅಲ್ಲೇ ನಿಲ್ಲಬೇಡಿ.

ಮೂರನೇ ದಿನ ಸ್ಕೀ ಮುಟ್ಟಬೇಡಿ

ತೊಡೆ ನಡುಗುತ್ತಿರುತ್ತದೆ, ಸುಸ್ತಾದ ಕಾಲೇ ಮುರಿಯುವುದು. ಆ ದಿನ ಕಜ್ಬೆಗಿಗೆ ಹೋಗಿ, 30 ಕಿ.ಮೀ. ಚಿಲ್ಲರೆ. 2170 ಮೀಟರಿನಲ್ಲಿ ಒಂಟಿಯಾಗಿ ನಿಂತ ಗೆರ್ಗೆತಿ ಚರ್ಚು, ಅದರ ಹಿಂದೆ 5000 ಮೀಟರ್ ಮೀರಿದ ಕಜ್ಬೆಕ್ ಶಿಖರ. ನಡುವೆ 2379 ಮೀಟರಿನ ಜ್ವಾರಿ ಕಣಿವೆದಾರಿ ದಾಟಬೇಕು. ಜೋರು ಹಿಮ ಬಿದ್ದರೆ ಅದನ್ನು ಮುಚ್ಚುತ್ತಾರೆ, ಬೆಳಿಗ್ಗೆಯೇ ವಿಚಾರಿಸಿ.

ನಾಲ್ಕನೇ ದಿನದಿಂದ ಪೂರ್ತಿ ಪಾಸು ಕೊಳ್ಳಿ. ನಕ್ಷೆಯಲ್ಲಿ ಹಸಿರು ಮತ್ತು ನೀಲಿ ಗೆರೆಗಳು ನಿಮ್ಮವು. ಕೆಂಪು ಮುಂದಿನ ವರ್ಷಕ್ಕೆ. ನಿಮ್ಮ ಮುಂದೆ, ಅಂದರೆ ಕೆಳಗೆ, ಇರುವವರಿಗೆ ದಾರಿ ಬಿಡುವುದು ನಿಮ್ಮ ಹೊಣೆ. ಅವರು ಹೇಗೇ ತಿರುಗಲಿ, ಗುದ್ದಿದರೆ ತಪ್ಪು ನಿಮ್ಮದೇ. ನಿಲ್ಲಬೇಕೆಂದರೆ ಅಂಚಿಗೆ ಹೋಗಿ, ದಿಬ್ಬದ ಆಚೆ ಮರೆಯಲ್ಲಿ ನಿಲ್ಲಬೇಡಿ. ಕಂಬ ನೆಟ್ಟ ಗೆರೆಯ ಆಚೆ ಹೊಸ ಹಿಮದಲ್ಲಿ ಯಾರೋ ಇಳಿದ ಜಾಡು ಕಾಣುತ್ತದೆ. ಆಸೆಯಾಗುತ್ತದೆ. ಹೋಗಬೇಡಿ, ಅಲ್ಲಿ ಹಿಮಕುಸಿತವನ್ನು ಯಾರೂ ನಿಮಗಾಗಿ ತಡೆದಿರುವುದಿಲ್ಲ. ಏನಾದರೂ ಆದರೆ ಫೋನು 112.

ಸಸ್ಯಾಹಾರಿಗಳಿಗೆ ಒಂದು ಗುಟ್ಟು

ಜಾರ್ಜಿಯಾ ಮಾಂಸದ ನಾಡು ಎಂದು ಹೆದರಿಸುತ್ತಾರೆ. ಆದರೆ ಅಲ್ಲಿನ ಚರ್ಚಿನವರು ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಒಂದು ವ್ರತ ನವೆಂಬರ್ 28ರಿಂದ ಜನವರಿ 6ರವರೆಗೆ. ಇನ್ನೊಂದು ಈಸ್ಟರಿಗೆ ಮೊದಲಿನ ಏಳು ವಾರ. ಎರಡೂ ಸ್ಕೀ ಸೀಸನ್ನಿಗೇ ಬಂದು ಬೀಳುತ್ತವೆ! ಹೋಟೆಲಿನಲ್ಲಿ "ಸಮರ್ಖ್ವೊ" ಎಂದು ಕೇಳಿ. ವ್ರತದ ಊಟ ಎಂದರ್ಥ.

ಲೋಬಿಯೋ ಅಂದರೆ ಮಣ್ಣಿನ ಮಡಕೆಯಲ್ಲಿ ಬೆಂದ ರಾಜ್ಮಾ ಜಾತಿಯ ಕಾಳು, ಮೇಲೆ ಕೊತ್ತಂಬರಿ. ಅದಕ್ಕೆ ಜೊತೆ ಮ್ಚಾಡಿ, ಮೆಕ್ಕೆಜೋಳದ ದಪ್ಪ ರೊಟ್ಟಿ. ಬಾಯಿಗೆ ಗುರುತಿನ ರುಚಿಯೇ. ಬದನೆಕಾಯಿಯ ಹೋಳಿನಲ್ಲಿ ಅಕ್ರೋಟಿನ ಚಟ್ನಿ ಸುತ್ತಿದ ಬದ್ರಿಜಾನಿ, ಕಾಳು ತುಂಬಿದ ರೊಟ್ಟಿ ಲೋಬಿಯಾನಿ ಎಲ್ಲವೂ ಹೊಟ್ಟೆ ತುಂಬಿಸುತ್ತವೆ, ಬೆಲೆಯೂ ಕಡಿಮೆ. ಲೋಬಿಯಾನಿ ಮಾತ್ರ ಎಚ್ಚರ, ಕೆಲವರು ಹಂದಿ ಮಾಂಸ ಸೇರಿಸುತ್ತಾರೆ, ಕೇಳಿ ತಿನ್ನಿ. ಮನೆಯಿಂದ ಚಟ್ನಿಪುಡಿ ಒಯ್ದರೆ ಸಂಜೆಯ ಮೊಸರನ್ನಕ್ಕೆ ಬೇರೇನೂ ಬೇಕಿಲ್ಲ.

ಇಳಿಯುವ ದಿನ

ವಿಮಾನಕ್ಕೆ ಒಂದು ಪೂರ್ತಿ ದಿನ ಮೊದಲೇ ಬೆಟ್ಟ ಇಳಿಯಿರಿ. ರಸ್ತೆ ಮುಚ್ಚಿದರೆ ವಿಮಾನ ನಿಮಗಾಗಿ ಕಾಯುವುದಿಲ್ಲ. ಹಿಂದಿನ ಸಂಜೆಯೇ ಸ್ಕೀ ಹಿಂದಿರುಗಿಸಿ, ಅಡವಿಟ್ಟ ಪಾಸ್‌ಪೋರ್ಟೋ ದುಡ್ಡೋ ಕೈಗೆ ಬಂತಾ ನೋಡಿಕೊಳ್ಳಿ. ದಾರಿಯಲ್ಲಿ ಪಸನೌರಿ ಸಿಗುತ್ತದೆ, ಖಿಂಕಾಲಿ ಎಂಬ ಕಡುಬಿಗೆ ಹೆಸರಾದ ಊರು. ಕಡುಬು ನೋಡಲು ನಮ್ಮ ಮೋದಕದ ಹಾಗೆ, ಅಣಬೆಯದ್ದೂ ಆಲೂಗಡ್ಡೆಯದ್ದೂ ಇರುತ್ತವೆ. ಜುಟ್ಟು ಹಿಡಿದು ಎತ್ತಿ, ಕಚ್ಚಿ, ಜುಟ್ಟನ್ನು ತಟ್ಟೆಯಲ್ಲೇ ಬಿಡಿ. ಎಷ್ಟು ತಿಂದಿರಿ ಎಂದು ಜುಟ್ಟು ಎಣಿಸಿ ಹೇಳುತ್ತಾರೆ. ನಮ್ಮ ತಟ್ಟೆಯಲ್ಲಿ ಇಬ್ಬರದೂ ಸೇರಿ ಹದಿನೇಳು ಇದ್ದವು.